ಏರಿನಲ್ಲಿ ನಲವತ್ತು ಪೆಟ್ಟಿಗೆ

ನಾಡಿದ್ದು ಹೊಡೆಯಬೇಕಾಗಿದ್ದ ಔಷಧಿಯನ್ನು ನಾಳೆ ಬೆಳಿಗ್ಗೆ ಹತ್ತಕ್ಕೇ ಹೊಡೆಯುತ್ತೇವೆ ಎಂದು ಹಣ್ಣಿನ ತೋಟದ ಮೇಲ್ವಿಚಾರಕ ಫೋನು ಮಾಡಿ ಹೇಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ತೋಟದ ಅಂಚಿನಲ್ಲಿ ನಲವತ್ತು ಜೇನುಪೆಟ್ಟಿಗೆಗಳಿದ್ದವು. ಔಷಧಿ ಬಿದ್ದರೆ ಒಂದು ನೊಣವೂ ಉಳಿಯುವುದಿಲ್ಲ. ಬೆಟ್ಟದ ಏರು ದಾಟಿದರೆ ಆಚೆ ಹೂವಿನ ಬಯಲಿದೆ. ಅಲ್ಲಿ ಇಡಲು ಜಾಗವೂ ಸಿಕ್ಕಿತ್ತು. ಆದರೆ ಕತ್ತಲಾದ ಮೇಲೆ ಟ್ರೇಲರ್ ಕಟ್ಟಿದ ಗಾಡಿಗಳನ್ನು ಏರಿಗೆ ಬಿಡುವುದಿಲ್ಲ. ನೊಣಗಳು ಗೂಡಿಗೆ ಮರಳುವುದು ಕತ್ತಲಾದ ಮೇಲೆಯೇ. ಹಾಗಾಗಿ ಬೆಳಕು ಹರಿಯುತ್ತಲೇ, ಒಂದೇ ಸಲಕ್ಕೆ, ನಲವತ್ತನ್ನೂ ದಾಟಿಸಬೇಕಿತ್ತು. ಬಾಡಿಗೆ ಗಾಡಿಯವರು ಜೇನು ಅಂದ ಕೂಡಲೇ ಫೋನು ಇಟ್ಟರು.

ಉಳಿದದ್ದು ಮನೆಯ ಪೆಟ್ರೋಲ್ ಪಿಕಪ್ಪು. ಸೊಸೆಗಿಂತ ಅದಕ್ಕೆ ಎರಡು ವರ್ಷ ಹೆಚ್ಚು ವಯಸ್ಸು.

"ಎಳೆಯುತ್ತಾ ಮಾವ?" ಎಂದಳು.

"ಪೆಟ್ರೋಲಿನ ವಾಸನೆ ತೋರಿಸಿದ್ರೆ ಸಾಕು, ಲೋಕ ಸುತ್ತಿ ಬರುತ್ತೆ ಇದು."

"ವಾಸನೆ ಕುಡಿದೋರು ಭಾರ ಎಳೀತಾರಾ?"

ಮಾವನಿಗೆ ಗ್ಯಾರೇಜಿನವರು ಇಟ್ಟ ಹೆಸರು ಮೈಲೇಜ್ ಮೇಸ್ತ್ರಿ. ಮೂವತ್ತು ವರ್ಷ ಹಳೇ ಗಾಡಿಗಳ ಹೊಟ್ಟೆ ಕಟ್ಟಿಸಿದವರು. ಯಾರ ಗಾಡಿ ಬಂದರೂ ಕಾರ್ಬೊರೇಟರು ಬಿಚ್ಚಿ, ಪೆಟ್ರೋಲು ಇಳಿಯುವ ಹಿತ್ತಾಳೆಯ ಜೆಟ್ಟನ್ನು ತೆಗೆದು, ಇನ್ನೂ ಸಣ್ಣ ತೂತಿನದನ್ನು ಹಾಕುತ್ತಿದ್ದರು. "ಗಾಡಿ ಓಡೋಕಿರೋದು ಕಣಯ್ಯಾ, ಕುಡಿಯೋಕಲ್ಲ" ಅನ್ನುವುದು ಅವರ ಮಾತು. ಸ್ವಂತ ಗಾಡಿಗಂತೂ ಅತ್ತೆಮನೆಯ ಪಥ್ಯ.

ಆ ಸಂಜೆ ಆ ಪಥ್ಯವನ್ನೆಲ್ಲ ಅವರೇ ಮುರಿದರು. ದೊಡ್ಡ ತೂತಿನ ಜೆಟ್ಟು ಹಾಕಿದರು. ಗಾಳಿಯ ಫಿಲ್ಟರು ಹೊಸದು. ಪ್ಲಗ್ಗುಗಳನ್ನು ಉಜ್ಜಿ, ಭಾರದಲ್ಲಿ ಇಂಜಿನ್ ಕಟಕಟ ಅನ್ನದಂತೆ ಟೈಮಿಂಗನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರು. ಟ್ರೇಲರಿನ ಚಕ್ರಗಳನ್ನು ಎತ್ತಿ, ಕೈಯಲ್ಲಿ ತಿರುಗಿಸಿ, ಬ್ರೇಕು ಎಲ್ಲೂ ಹಿಡಿಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು. ಸೊಸೆ ಟಾರ್ಚು ಹಿಡಿದು ನಿಂತಿದ್ದಳು. ಕೇಳಿದ್ದನ್ನು ಕೊಟ್ಟಳು. ಗಂಡ ಹೋದಂದಿನಿಂದ ಅವಳು ಹಾಗೆಯೇ, ಕೇಳಿದ್ದನ್ನು ಕೊಡುವವಳು.

ಮೇಸ್ತ್ರಿ ಮುಟ್ಟದೆ ಬಿಟ್ಟದ್ದು ಒಂದನ್ನು ಮಾತ್ರ. ಆಕ್ಸಿಲರೇಟರ್ ಪೆಡಲಿನ ಕೆಳಗೆ, ಮ್ಯಾಟಿನ ಅಡಿಯಲ್ಲಿ, ಎರಡು ಬೆರಳು ದಪ್ಪದ ಮರದ ತುಂಡು. ನಾಲ್ಕು ವರ್ಷದ ಹಿಂದೆ ಅವರೇ ತಂತಿಯಲ್ಲಿ ಬಿಗಿದಿದ್ದರು. ಮಗನ ಕಾಲು ಭಾರ. ಹೇಳಿದರೆ ಕೇಳುತ್ತಿರಲಿಲ್ಲ. ತುಂಡು ಇಟ್ಟ ಮೇಲೆ ಎಷ್ಟು ತುಳಿದರೂ ಪೆಡಲು ಅರ್ಧಕ್ಕೇ ನಿಲ್ಲುತ್ತಿತ್ತು. ಮೈಲೇಜು ಏರಿತು. ಮಗ ಮಾತ್ರ, "ಅಪ್ಪಾ, ಏರಿನಲ್ಲಿ ಗಾಡಿ ಎಳೀತಿಲ್ಲ, ವಯಸ್ಸಾಯ್ತು ಇದಕ್ಕೆ" ಅನ್ನುತ್ತಿದ್ದ. "ನಿನಗಾಗಿರಬೇಕು" ಎಂದು ನಕ್ಕಿದ್ದರು. ಅವನು ಟ್ರೇಲರು ಬಿಟ್ಟು, ಪಿಕಪ್ಪಿನ ಹಿಂದೆ ಹಿಡಿಸುವಷ್ಟನ್ನೇ ಹೇರಿಕೊಂಡು ಮೂರು ಸಲ ಹೋಗಿಬರತೊಡಗಿದ. ಹೋದ ವರ್ಷ ಮೂರನೇ ಸಲದ ಪೆಟ್ಟಿಗೆ ಎತ್ತುವಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹುಟ್ಟಿನಿಂದಲೇ ಇದ್ದ ದೋಷ ಎಂದರು ಡಾಕ್ಟರು. ಮೇಸ್ತ್ರಿ ಆ ಮಾತನ್ನೇ ಕಚ್ಚಿಕೊಂಡು ವರ್ಷ ದೂಡಿದ್ದರು.

ಸೊಸೆ ಮಲಗಿದ ಮೇಲೆ ಸದ್ದಿಲ್ಲದೆ ತುಂಡು ತೆಗೆದುಬಿಡೋಣ ಅಂದುಕೊಂಡಿದ್ದರು. ಆದರೆ ಪೆಟ್ಟಿಗೆಗಳ ಬಾಯಿಗೆ ಜಾಲರಿ ಬಡಿದು ಹೇರಿದ್ದೇ ಅವಳು ಪೆಡಲಿನ ಬಳಿ ಕಾಲು ಚಾಚಿ ಗಾಡಿಯ ಸೀಟಿನಲ್ಲೇ ಒರಗಿದಳು. ದೊಡ್ಡ ಜೆಟ್ಟೇ ಸಾಕಾಗಬಹುದು ಎಂದು ಮೇಸ್ತ್ರಿ ತಮಗೆ ತಾವೇ ಹೇಳಿಕೊಂಡರು.

ಸಾಕಾಗಲಿಲ್ಲ.

ಕಣ್ಣಿಗೆ ಪೊರೆ ಬಂದ ಮೇಲೆ ಮೇಸ್ತ್ರಿ ಗಾಡಿ ಓಡಿಸುತ್ತಿರಲಿಲ್ಲ. ಬೆಳಕು ಹರಿಯುತ್ತಲೇ ಹೊರಟಾಗ ಸೊಸೆ ಸ್ಟೀರಿಂಗಿನಲ್ಲಿ, ಅವರು ಪಕ್ಕದಲ್ಲಿ. ಮೊದಲ ಮೂರು ತಿರುವು ಸರಾಗವಾಯಿತು. ನಾಲ್ಕನೆಯದರಲ್ಲಿ ಸೆಕೆಂಡ್ ಗೇರು, ಐದರಲ್ಲಿ ಫಸ್ಟು. ಬಿಸಿಲು ಬಂತು. ಬಾಯಿ ಮುಚ್ಚಿದ ಪೆಟ್ಟಿಗೆಗೆ ಗಾಡಿ ಓಡುವ ಗಾಳಿಯೇ ಉಸಿರು. ನಿಂತರೆ ಒಳಗೆ ಕಾವು ಹೆಚ್ಚಿ, ಮೇಣ ಕರಗಿ, ಜೇನು ತುಂಬಿದ ಎರಿ ಕುಸಿದು ನೊಣಗಳು ಅದರಡಿಯಲ್ಲೇ ಮುಳುಗುತ್ತವೆ. ಹಿಂದಿನಿಂದ ಝೇಂಕಾರ ಜೋರಾಗಿ ಕೇಳುತ್ತಿತ್ತು.

"ತುಳೀತಿದೀನಿ ಮಾವ. ಪೂರ್ತಿ ತುಳೀತಿದೀನಿ."

"ಗೊತ್ತಮ್ಮ."

"ನಿಲ್ಲುತ್ತೆ ಇದು. ನಿಂತ್ರೆ ಮುಗೀತು."

ವೇಗದ ಮುಳ್ಳು ಹತ್ತಕ್ಕಿಂತ ಕೆಳಗಿಳಿಯಿತು. ಬಿಸಿತುಪ್ಪ ಇನ್ನು ಬಾಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ಮೇಸ್ತ್ರಿ ಬಗ್ಗಿ ಅವಳ ಕಾಲ ಬಳಿ ಕೈ ಹಾಕಿ ಮ್ಯಾಟನ್ನು ಎಳೆದರು.

"ಏನ್ ಮಾಡ್ತಿದೀರಾ!"

"ಕಾಲೆತ್ತು. ಒಂದು ಕ್ಷಣ."

"ಎತ್ತಿದ್ರೆ ಹಿಂದಕ್ಕೆ ಹೋಗ್ತೀವಿ!"

"ಎತ್ತೇ ತಾಯಿ!"

ಎತ್ತಿದಳು. ಗಾಡಿ ಒಂದು ಸಲ ನಡುಗಿ ನಿಲ್ಲುವಂತಾಯಿತು. ಮೇಸ್ತ್ರಿ ತುಂಡನ್ನು ಹಿಡಿದು ತಿರುಚಿದರು. ತಂತಿ ಹರಿಯಿತು, ಜೊತೆಗೆ ಅಂಗೈಯೂ. "ತುಳಿ!" ಅವಳು ತುಳಿದಳು. ಪೆಡಲು ನಾಲ್ಕು ವರ್ಷದಲ್ಲಿ ಮೊದಲ ಸಲ ನೆಲ ಮುಟ್ಟಿತು. ಇಂಜಿನ್ ಕೆಮ್ಮಿ, ಆಮೇಲೆ ಮೇಸ್ತ್ರಿ ಮರೆತೇಬಿಟ್ಟಿದ್ದ ಗಂಟಲಿನಲ್ಲಿ ಕೂಗಿತು. ಟ್ರೇಲರು ಎದ್ದು ಹಿಂದೆ ಬಂತು. ಮುಳ್ಳು ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ.

ಅವಳು ಎರಡು ತಿರುವು ದಾಟಿಸಿದಳು. ಮೇಸ್ತ್ರಿಯ ತೊಡೆಯ ಮೇಲಿದ್ದ ತುಂಡಿಗೆ ರಕ್ತ ಹತ್ತಿತ್ತು.

"ಯಾವಾಗಿಂದ ಇತ್ತು?"

"ನಾಲ್ಕು ವರ್ಷ."

"ಅವರಿಗೆ ಗೊತ್ತಿತ್ತಾ?"

"ಇಲ್ಲಮ್ಮ."

ಅವಳು ಗೇರು ಬದಲಿಸಿದಳು.

ಆದರೆ ಪಥ್ಯದಲ್ಲಿದ್ದವನಿಗೆ ಒಮ್ಮೆಲೇ ಔತಣ ಬಡಿಸಿದಂತಾಗಿತ್ತು. ಅರ್ಧ ಗಾಳಿಯಲ್ಲೇ ಬದುಕಿದ ಇಂಜಿನ್ನನ್ನು ತಣಿಸಲು ರೇಡಿಯೇಟರು ಎಂದೂ ಪೂರ್ತಿ ಕೆಲಸ ಮಾಡಬೇಕಾಗಿ ಬಂದಿರಲಿಲ್ಲ. ಒಳಗೆಲ್ಲ ತುಕ್ಕು ಕಟ್ಟಿರುವುದು ಯಾರಿಗೂ ತಿಳಿದಿರಲಿಲ್ಲ. ಕಾವಿನ ಮುಳ್ಳು ಏರಿತು. ಮೇಸ್ತ್ರಿ ಹೀಟರು ಹಾಕಿ ಇಂಜಿನ್ನಿನ ಬಿಸಿಯನ್ನು ಒಳಕ್ಕೆ ಎಳೆದುಕೊಂಡರು. ಇಬ್ಬರೂ ಬೆವರಿನಲ್ಲಿ ತೊಯ್ದರು. ನೆತ್ತಿಗೆ ಎರಡು ತಿರುವು ಬಾಕಿ ಇರುವಾಗ ಬಾನೆಟ್ಟಿನಿಂದ ಹಬೆ ಎದ್ದು ಗಾಡಿ ನಿಂತಿತು.

ಮೇಸ್ತ್ರಿ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟರು. "ಅರ್ಧ ಗಂಟೆ. ತಣ್ಣಗಾದ್ರೆ ಹೊರಡುತ್ತೆ."

ಅವಳು ಪೆಟ್ಟಿಗೆಯೊಂದರ ಮೇಲೆ ಅಂಗೈ ಇಟ್ಟಿದ್ದಳು. "ಅರ್ಧ ಗಂಟೆ ಇವಕ್ಕಿಲ್ಲ ಮಾವ. ಜಾಲರಿ ಇಲ್ಲೇ ತೆಗೀತೀನಿ."

"ರಸ್ತೆ ಪಕ್ಕದಲ್ಲಾ? ಒಂದ್ಸಲ ಹೊರಗೆ ಬಂದ್ವು ಅಂದ್ರೆ ಕತ್ತಲಾಗೋವರೆಗೂ ಅಲ್ಲಾಡೋ ಹಾಗಿಲ್ಲ. ಕತ್ತಲಾದ ಮೇಲೆ ಏರಿಗೆ ಬಿಡಲ್ಲ."

"ಹಾಗಾದ್ರೆ ನಾಳೆವರೆಗೆ ಇಲ್ಲೇ ಇರ್ತೀವಿ."

ಮುಖಕ್ಕೆ ಬಲೆಯನ್ನೂ ಹಾಕಿಕೊಳ್ಳದೆ ಟ್ರೇಲರು ಹತ್ತಿ ಜಾಲರಿಗಳನ್ನು ಕಿತ್ತಳು. ನೊಣಗಳು ಹೊಗೆಯಂತೆ ಸುರಿದವು. ಅವಳ ಕತ್ತಿನಲ್ಲಿ, ಕೈಗಳಲ್ಲಿ ಮುಳ್ಳು ನಾಟುತ್ತಿರುವುದು ಪೊರೆಗಣ್ಣಿಗೂ ಕಾಣುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಗಾಳಿ ತಾಗದ ನಡುಸಾಲಿನ ಏಳೆಂಟು ಪೆಟ್ಟಿಗೆಗಳಿಂದ ಏನೂ ಹೊರಬರಲಿಲ್ಲ. ಒಂದರ ಬಾಯಿಂದ ಜೇನು ತೊಟ್ಟಿಕ್ಕುತ್ತಿತ್ತು.

"ನನ್ನನ್ನ ಬೈದುಬಿಡಮ್ಮ."

"ಬೈಯೋಕೆ ಶಕ್ತಿ ಇಲ್ಲ. ನೀರು ತನ್ನಿ."

ಕೆಳಗಿನ ತಿರುವಿನಲ್ಲಿ ಸಣ್ಣ ತೊರೆಯೊಂದು ಕಂಡಿತ್ತು. ಮೇಸ್ತ್ರಿ ಡಬ್ಬ ಹಿಡಿದು, ರಸ್ತೆಯ ಅಂಚನ್ನು ಕಾಲಿನಲ್ಲಿ ತಡವರಿಸುತ್ತ ಇಳಿದು, ತುಂಬಿಕೊಂಡು ಬಂದರು. ಬಂದವರೇ ಅಭ್ಯಾಸಬಲದಿಂದ ಬಾನೆಟ್ಟಿನ ಕಡೆ ನಡೆದರು.

"ಅದಕ್ಕಲ್ಲ," ಎಂದಳು. "ಇವಕ್ಕೆ."

ಮೇಸ್ತ್ರಿ ಸದ್ದಿಲ್ಲದ ಪೆಟ್ಟಿಗೆಗಳ ಮೇಲೆ ನೀರು ಸುರಿದರು. ಮಂಡಿಯೂರಿ ಮೊದಲನೆಯದಕ್ಕೆ ಕಿವಿ ಕೊಟ್ಟರು. ಇಂಜಿನ್ನಿನ ಎಂಥ ಸಣ್ಣ ಬಡಿತವನ್ನೂ ದೂರದಿಂದಲೇ ಹಿಡಿಯುತ್ತಿದ್ದ ಕಿವಿ ಅದು. ಏನೂ ಕೇಳಲಿಲ್ಲ. ಎರಡನೆಯದಕ್ಕೆ ಕೊಟ್ಟರು. ಮೂರನೆಯದಕ್ಕೆ. ಆಮೇಲೆ ಡಬ್ಬ ಎತ್ತಿಕೊಂಡು ಮತ್ತೆ ನೀರಿಗೆ ಇಳಿದರು.