ಅಜ್ಜನಿಗೆ ಏಕವಚನ

ಮೃಗಾಲಯದಲ್ಲಿ ಎಲ್ಲರೂ ಅವನನ್ನು ಆಮೆಯಣ್ಣ ಎಂದೇ ಕರೆಯುತ್ತಿದ್ದರು. ದೈತ್ಯ ಆಮೆಯ ಆವರಣ ನೋಡಿಕೊಳ್ಳುವವನು ಎಂಬುದು ಅರ್ಧ ಕಾರಣ. ಉಳಿದರ್ಧ ಅವನ ನಡಿಗೆ. ಆಮೆಯ ಹೆಸರು ಅಜ್ಜ. ಆಮೆಯಣ್ಣನಿಗಿಂತ ಮೊದಲು ಅದೇ ಕೆಲಸದಲ್ಲಿದ್ದ ಅವನಪ್ಪ ಇಟ್ಟ ಹೆಸರು. ಅಪ್ಪನಿಗೂ ಅಜ್ಜ, ಮಗನಿಗೂ ಅಜ್ಜ. ಈ ವಂಶಾವಳಿ ಯಾವ ಲೆಕ್ಕಕ್ಕೂ ಕೂಡಿಬರುತ್ತಿರಲಿಲ್ಲ, ಆದರೆ ವಯಸ್ಸು ಆ ಪದವಿಗೆ ಒಪ್ಪುತ್ತಿತ್ತು. ಅಜ್ಜ ತಿಂದರು, ಅಜ್ಜ ಮಲಗಿದರು, ಅಜ್ಜನಿಗೆ ಇವತ್ತು ಮನಸ್ಸು ಸರಿಯಿಲ್ಲ ಎಂದೇ ಆಮೆಯಣ್ಣ ವರದಿ ಒಪ್ಪಿಸುತ್ತಿದ್ದದ್ದು. ಅಜ್ಜ ಬೇರೆಯವರ ಕೈಯಿಂದ ಎಲೆ ಮುಟ್ಟುತ್ತಿರಲಿಲ್ಲ. ಮಗನ ಮದುವೆಗೆಂದು ಅವನು ರಜೆ ಹಾಕಿದಾಗ, ತಿರುಗಿ ಬರುವವರೆಗೂ ಉಪವಾಸ ಕೂತಿದ್ದರು.

ಹೊಸದಾಗಿ ಬಂದ ಡೈರೆಕ್ಟರ್ ಒಂದು ಆಜ್ಞೆ ಹೊರಡಿಸಿದರು. ಪರದೇಶದ ಪ್ರೇಕ್ಷಕರು ಹೆಚ್ಚುತ್ತಿದ್ದಾರೆ. ಇನ್ನು ಮುಂದೆ ಪ್ರತಿಯೊಬ್ಬ ಪಾಲಕನೂ ತನ್ನ ಪ್ರಾಣಿಯ ಬಗ್ಗೆ ಕಂಬಿಯ ಮುಂದೆ ನಿಂತು ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಬೇಕು. ಆಗದವರು ಮೇವಿನ ಮನೆಗೆ. ಮೇವಿನ ಮನೆ ಎಂದರೆ ಹಿಂದಿನ ಗೋಡೆಗೆ ಅಂಟಿಕೊಂಡ ಉದ್ದನೆಯ ಕೋಣೆ; ಬೆಳಗಿನಿಂದ ಸಂಜೆಯವರೆಗೆ ಸೊಪ್ಪು ಹೆಚ್ಚುವುದು. ಪ್ರಾಣಿಗಳು ತಿನ್ನುವುದನ್ನೆಲ್ಲ ನೋಡಬಹುದು, ಪ್ರಾಣಿಗಳನ್ನು ನೋಡುವಂತಿಲ್ಲ.

ಪುಣ್ಯಕ್ಕೆ ಮನೆಯಲ್ಲೇ ಟೀಚರಿದ್ದಳು. ಸೊಸೆ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ದಿನವಿಡೀ ಗಂಟಲು ಹರಿದುಕೊಂಡು ಬಂದವಳು, ಸಂಜೆ ಊಟದ ಮೇಜಿನ ಮೇಲೆ ಬಟಾಣಿ ಸುಲಿಯುತ್ತ ಮಾವನಿಗೆ ಪಾಠ ಶುರು ಮಾಡಿದಳು.

"ಇದರಲ್ಲಿರೋದೇ ಇಷ್ಟು ಮಾವ. ಒಬ್ಬ ಇದ್ರೆ ಕ್ರಿಯಾಪದಕ್ಕೆ ಎಸ್ ಹಚ್ಚಿ. ತುಂಬಾ ಜನ ಇದ್ರೆ ಹೆಸರಿಗೆ ಹಚ್ಚಿ, ಕ್ರಿಯಾಪದದಿಂದ ಕಿತ್ತುಹಾಕಿ. ಎರಡು ಕಡೆನೂ ಒಟ್ಟಿಗೆ ಇರಲ್ಲ."

"ವಾರಗಿತ್ತಿಯರ ಥರ," ಎಂದ ಆಮೆಯಣ್ಣ. "ಒಬ್ಳು ಅಡುಗೆಮನೆಗೆ ಬಂದ್ರೆ ಇನ್ನೊಬ್ಳು ಹಿತ್ತಿಲಿಗೆ."

"ಹಾಗೇ ಅಂದ್ಕೊಳ್ಳಿ."

ನಾಯಿ ಓಡುತ್ತದೆ, ನಾಯಿಗಳು ಓಡುತ್ತವೆ. ಬೆಕ್ಕು ಹಾಲು ಕುಡಿಯುತ್ತದೆ, ಬೆಕ್ಕುಗಳೂ ಕುಡಿಯುತ್ತವೆ. ಎಸ್ ಹೇಳಿದ ಕಡೆ ಕೂರುತ್ತಿತ್ತು, ಹೇಳಿದ ಕಡೆಯಿಂದ ಏಳುತ್ತಿತ್ತು. ಸೊಸೆಗೆ ಧೈರ್ಯ ಬಂತು. ಅಜ್ಜನ ಮಾತಿಗೆ ಬಂದಳು.

"ಗ್ರ್ಯಾಂಡ್‌ಫಾದರ್ ಈಟ್," ಎಂದ ಆಮೆಯಣ್ಣ.

"ಈಟ್ಸ್, ಮಾವ. ಅಜ್ಜ ಒಬ್ಬರೇ ಅಲ್ವಾ?"

"ಒಬ್ಬರೇ ಕಣಮ್ಮ. ಹಾಗಂತ ತಿಂತಾನೆ ಅನ್ನಕ್ಕಾಗತ್ತಾ? ತಿಂತಾರೆ."

"ಇಂಗ್ಲಿಷಲ್ಲಿ ಹಾಗಿಲ್ಲ. ರಾಜ ಆದ್ರೂ ಈಟ್ಸ್, ನಾಯಿ ಆದ್ರೂ ಈಟ್ಸ್."

"ಹಾಗಾದ್ರೆ ರಾಜ ಆಗಿ ಏನು ಭಾಗ್ಯ ಬಂತು?"

ಪೇಪರಿನ ಹಿಂದಿನಿಂದ ಮಗ ಬಾಯಿ ಹಾಕಿದ. "ಅಪ್ಪ, ಆಮೆಗೆ ಇಂಗ್ಲಿಷ್ ಬರಲ್ಲ. ನೀವೇನಂದ್ರೂ ಅದಕ್ಕೆ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತಲ್ಲೋ."

ಇದು ಹಟವಲ್ಲ. ಹಟವಾಗಿದ್ದರೆ ಬಿಡಿಸಬಹುದಿತ್ತು. ಆಮೆಯಣ್ಣ ನಿಯಮವನ್ನು ಒಪ್ಪಿದ್ದ, ಬಾಯಿಪಾಠ ಮಾಡಿದ್ದ, ಸ್ನಾನ ಮಾಡುವಾಗಲೂ ಜಪಿಸುತ್ತಿದ್ದ. ಆದರೆ ಅಜ್ಜನ ಹೆಸರು ಬಂದೊಡನೆ ನಾಲಿಗೆ ತಾನಾಗಿ ಎಸ್ ನುಂಗಿಬಿಡುತ್ತಿತ್ತು. ಈಸ್ ಎಂದು ಹೊರಟದ್ದು ಹಲ್ಲಿನ ಹತ್ತಿರ ಬರುವಷ್ಟರಲ್ಲಿ ಆರ್ ಆಗಿರುತ್ತಿತ್ತು. ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಿದ್ದಕ್ಕೆ ಚಿಕ್ಕಂದಿನಲ್ಲಿ ತಿಂದ ಏಟು ಒಳಗೆಲ್ಲೋ ಇನ್ನೂ ಕಾವಲಿಗೆ ನಿಂತಿತ್ತು.

"ಇಷ್ಟು ಸುಲಭ ಇದೆ ಮಾವ, ನನ್ನ ಎರಡನೇ ಕ್ಲಾಸಿನ ಮಕ್ಕಳೂ ಹೇಳ್ತಾರೆ," ಎಂದಳು ಸೊಸೆ, ಬಟಾಣಿಯ ಸಿಪ್ಪೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕಿತ್ತು.

"ಸುಲಭಾನಾ? ನನ್ನ ಒಂದ್ಸಲ ‘ಮಾವ, ಊಟಕ್ಕೆ ಬಾರೋ’ ಅನ್ನು ನೋಡೋಣ."

ಸೊಸೆ ಬಾಯಿ ತೆರೆದಳು. ಮುಚ್ಚಿದಳು. ಕಿವಿ ಕೆಂಪಾಯಿತು. "ಅದು ಬೇರೆ," ಎಂದಳು. ಪೇಪರಿನ ಹಿಂದೆ ಮಗ ಕೆಮ್ಮಿದ.

ಡೈರೆಕ್ಟರ್ ಎದುರು ಮಾತಾಡಿ ತೋರಿಸಬೇಕಾದ ಪರೀಕ್ಷೆಯ ಹಿಂದಿನ ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಬಾಗಿಲಿನಿಂದ ಕೂಗಿದಳು. "ಮಾವ! ಭೂತಕಾಲ!"

"ಎಲ್ಲಿ?" ಎಂದ ಆಮೆಯಣ್ಣ ಗಾಬರಿಯಿಂದ.

"ನಿನ್ನೆ ಮೊನ್ನೆಯ ಮಾತಿಗೆ ಈ ಜಗಳವೇ ಇಲ್ಲ. ಒಬ್ಬ ಬಂದ್ರೂ ಕೇಮ್, ನೂರು ಜನ ಬಂದ್ರೂ ಕೇಮ್. ಎಸ್ ಹಚ್ಚೋದೂ ಬೇಡ, ಕೀಳೋದೂ ಬೇಡ. ವಾಸ್, ವರ್ ಅಂತ ಎರಡು ಕಾಟ ಕೊಡ್ತವೆ, ಅವು ಬರದ ಹಾಗೆ ನಾನು ವಾಕ್ಯ ಕಟ್ಟಿಕೊಡ್ತೀನಿ."

"ಅಂದ್ರೆ ಅಜ್ಜಂಗೆ ಅವಮಾನ ಆಗಲ್ಲ?"

"ಯಾರಿಗೂ ಆಗಲ್ಲ."

ಆಮೆಯಣ್ಣನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಂದು ವಾಕ್ಯಗಳು ನೀರು ಹರಿದ ಹಾಗೆ ಹರಿದವು. ಒಮ್ಮೆಯೂ ಎಡವಲಿಲ್ಲ. ಮಗ ಪೇಪರ್ ಇಳಿಸಿ ಅಪ್ಪನ ಮುಖ ನೋಡಿದ.

ಮರುದಿನ ಬಿಸಿಲು ಚೆನ್ನಾಗಿತ್ತು. ಅಜ್ಜ ತಿಂಡಿ ಮುಗಿಸಿ, ತಲೆ ಕಾಲುಗಳನ್ನೆಲ್ಲ ಒಳಗೆಳೆದುಕೊಂಡು, ಮರದ ಬುಡದಲ್ಲಿ ಬಂಡೆಯಂತೆ ಕೂತಿದ್ದರು. ಕಂಬಿಯ ಮುಂದೆ ಪರದೇಶದ ಜನ ಸಾಕಷ್ಟು ಸೇರಿದ್ದರು. ಡೈರೆಕ್ಟರ್ ಹಿಂದೆ ಕೈಕಟ್ಟಿ ನಿಂತಿದ್ದರು.

ಆಮೆಯಣ್ಣ ಗಂಟಲು ಸರಿಮಾಡಿಕೊಂಡು ಶುರು ಮಾಡಿದ. ಗ್ರ್ಯಾಂಡ್‌ಫಾದರ್ ಬಹಳ ಹಿಂದೆ ಹಡಗಿನಲ್ಲಿ ಇಲ್ಲಿಗೆ ಬಂದರು. ಈ ತೋಟದಲ್ಲೇ ಬಾಳಿದರು. ಎಳೆಯ ಎಲೆ ತಿಂದರು. ಬಿಸಿಲಿನಲ್ಲಿ ನಿದ್ದೆ ಮಾಡಿದರು. ಎಲ್ಲವೂ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, ಸೊಸೆ ಕಟ್ಟಿಕೊಟ್ಟ ಹಾಗೆ.

ಜನ ಫೋಟೊ ತೆಗೆಯುವುದನ್ನು ನಿಲ್ಲಿಸಿದರು. ಒಬ್ಬ ಟೋಪಿ ತೆಗೆದ. ತನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರನ್ನು ಆಮೆಯಣ್ಣ ಜನ್ಮದಲ್ಲಿ ಕಂಡಿರಲಿಲ್ಲ. ಅವನಿಗೆ ಹುರುಪು ಬಂತು.

"ಗ್ರ್ಯಾಂಡ್‌ಫಾದರ್ ಲವ್ಡ್ ಚಿಲ್ಡ್ರನ್," ಎಂದ. ಒಂದು ತಪ್ಪೂ ಇಲ್ಲದೆ ಇಲ್ಲಿಯವರೆಗೆ ಬಂದೆನಲ್ಲ ಎಂಬ ಸಂತೋಷಕ್ಕೆ ಗಂಟಲು ಕಟ್ಟಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು.

ಅವಳ ಬೆನ್ನ ಮರೆಯಿಂದ ಒಂದು ಪುಟ್ಟ ಹುಡುಗಿ ಕೇಳಿದಳು, "ವೆನ್ ಡಿಡ್ ಹಿ ಡೈ?"

ಕೊನೆಯ ಪದ ಆಮೆಯಣ್ಣನಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ ಬೆವರು ಕಿತ್ತುಕೊಂಡು ಬಂತು. ಬದುಕಿದ್ದಾರೆ ಎನ್ನಲು ಭೂತಕಾಲದಲ್ಲಿ ದಾರಿಯಿರಲಿಲ್ಲ. ಈಸ್ ಬೇಕಿತ್ತು. ಅದನ್ನು ಹೊರಡಿಸಿದ, ಹಲ್ಲಿನ ಹತ್ತಿರ ಆರ್ ಅಡ್ಡ ನಿಂತಿತು, ಎರಡೂ ಸಿಕ್ಕಿಹಾಕಿಕೊಂಡು ಒಂದೂ ಹೊರಬರಲಿಲ್ಲ. ಕಂಬಿಯ ಮೇಲೆ ಬಾಗಿ ಬೇಡಿಕೊಂಡ. "ಅಜ್ಜ, ಸ್ವಲ್ಪ ತಲೆ ಹೊರಗೆ ಹಾಕಿ. ಒಂದು ಕಾಲಾದ್ರೂ ಅಲ್ಲಾಡಿಸಿ. ದಮ್ಮಯ್ಯ."

ಅಜ್ಜ ಅಲುಗಲಿಲ್ಲ. ಭಾಷೆ ತಿಳಿಯದ ಜನಕ್ಕೆ ಅದು ಸತ್ತವರನ್ನು ಕರೆಯುವ ದನಿಯಂತೆಯೇ ಕೇಳಿಸಿತು. ಹೆಂಗಸು ಬಿಕ್ಕಿದಳು.

"ನೋ ಡೆತ್!" ಎಂದು ಆಮೆಯಣ್ಣ ಜನರತ್ತ ತಿರುಗಿ ಕೂಗಿದ. "ನೋ ಡೆತ್! ನೋ ಡೆತ್!"

ಒಬ್ಬ ಮುದುಕ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಕಣ್ಣು ಮುಚ್ಚಿ, ಹೌದು, ಸಾವೆಂಬುದೇ ಇಲ್ಲ ಎನ್ನುವಂತೆ ತಲೆಯಾಡಿಸಿದ. ಯಾರೋ ಕಂಬಿಯ ಸಂದಿಗೆ ಒಂದು ಹೂವು ಸಿಕ್ಕಿಸಿದರು. ಒಬ್ಬೊಬ್ಬರಾಗಿ ಅವನ ಕೈ ಹಿಡಿದು, ಸದ್ದಿಲ್ಲದೆ ಚದುರಿದರು.

ಡೈರೆಕ್ಟರ್ ಹತ್ತಿರ ಬಂದರು. "ಯಾವಾಗ ಆಯ್ತು ಇದು? ನನಗೆ ಯಾಕೆ ಯಾರೂ ಹೇಳಲಿಲ್ಲ?"

"ಆಗಿಲ್ಲ ಸಾರ್. ಇದ್ದಾರೆ. ಮಲಗಿದ್ದಾರೆ."

"ಮತ್ತೆ ಎಲ್ಲರೂ ಯಾಕೆ ಅತ್ರು?"

"ನಾನು ಮಾತಾಡಿದ್ದಕ್ಕೆ ಸಾರ್."

ಡೈರೆಕ್ಟರ್ ಕೆಟ್ಟವರಲ್ಲ. ನಗು ಬಂತೇನೋ, ತಡೆದುಕೊಂಡರು. "ನಿಮ್ಮ ಇಂಗ್ಲಿಷ್ ಸರಿಯಾಗಿತ್ತು ಕಣ್ರೀ, ಅದಕ್ಕೇ ಎಲ್ಲರೂ ನಂಬಿದ್ರು. ಆದ್ರೆ ದಿನಾ ಜನ ಅತ್ಕೊಂಡು ಮನೆಗೆ ಹೋಗೋ ಹಾಗಾದ್ರೆ ನಾನು ಮೃಗಾಲಯ ನಡೆಸೋದು ಹೇಗೆ? ಸೋಮವಾರದಿಂದ ಮೇವಿನ ಮನೆಗೆ ಹೋಗಿ. ಇಲ್ಲಿಗೆ ಟಿಕೆಟ್ ಕೌಂಟರಿನ ಹುಡುಗಿ ಬರ್ತಾಳೆ."

"ಸಾರ್, ಬೇರೆಯವರ ಕೈಯಿಂದ ಅವರು ತಿನ್ನಲ್ಲ."

"ಹಸಿವಾದ್ರೆ ತಿನ್ನುತ್ತೆ," ಎಂದರು ಡೈರೆಕ್ಟರ್. ಎಷ್ಟು ಸಲೀಸಾಗಿ ಅಂದುಬಿಟ್ಟರು ಎಂದು ಆಮೆಯಣ್ಣ ಅವರ ಬಾಯನ್ನೇ ನೋಡಿದ.

ಸಂಜೆ ಸೊಸೆ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಗಾಯ್ತು ಮಾವ? ಎಲ್ಲಾದ್ರೂ ತಪ್ಪಿದ್ರಾ?"

ಅವಳ ಕೈಬೆರಳಿಗೆಲ್ಲ ಸೀಮೆಸುಣ್ಣ ಅಂಟಿತ್ತು. ಇನ್ನೂ ಕೈ ತೊಳೆದಿರಲಿಲ್ಲ.

"ಒಂದೂ ಇಲ್ಲಮ್ಮ," ಎಂದ ಆಮೆಯಣ್ಣ.

"ರೀ, ಕೇಳಿಸ್ತಾ?" ಎಂದು ಅವಳು ಒಳಕ್ಕೆ ಓಡಿದಳು. "ಒಂದೂ ತಪ್ಪಿಲ್ವಂತೆ!"

ಸೋಮವಾರದ ಮಾತನ್ನು ಹೇಗೆ ಶುರು ಮಾಡುವುದೆಂದು ತೋಚದೆ ಅವನು ಹೊಸ್ತಿಲಲ್ಲೇ ನಿಂತ.