ಬೀಗ ಹಾಕಿದ ಮನೆಯಲ್ಲಿ ಸೈರನ್

ಮಂದಾಕಿನಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಹಾಲ್‌ನಲ್ಲಿದ್ದ ಕಂಪ್ಯೂಟರ್ ಪೊಲೀಸ್ ಜೀಪಿನ ಹಾಗೆ ಅರಚಿಕೊಳ್ಳತೊಡಗಿತು. ಬೆನ್ನಿಗೇ ಒಬ್ಬ ಹೆಣ್ಣುಮಗಳ ಹಿಂದಿ ದನಿ. ಸಾವಧಾನ, ಎಚ್ಚರಿಕೆ, ಈ ಕಂಪ್ಯೂಟರಿನಲ್ಲಿ ಹೊಲಸು ಸೈಟುಗಳನ್ನು ನೋಡಿದ್ದಾರೆ, ಅಲ್ಲಿಂದ ವೈರಸ್ ಹೊಕ್ಕಿದೆ ಎಂದು ಅದು ಓಣಿಗೆಲ್ಲ ಕೇಳುವ ಹಾಗೆ ಸಾರಿತು.

ಕಂಪ್ಯೂಟರಿನ ಮುಂದೆ ಕೂತಿದ್ದವನು ಮಗ ತನ್ಮಯ. ವಾಯುಪಡೆಯ ಲಿಖಿತ ಪರೀಕ್ಷೆ ಪಾಸಾಗಿ, ಮೆಡಿಕಲ್ ಪರೀಕ್ಷೆಯ ದಿನ ಯಾವಾಗ ಬರುತ್ತದೋ ಎಂದು ನೋಡುತ್ತಿದ್ದ. ಅದೊಂದಾದರೆ ಮುಗಿಯಿತು, ಹುಡುಗ ವಿಮಾನದವನಾದ ಎಂದು ಮಂದಾಕಿನಿ ಆಗಲೇ ನಾಲ್ಕು ಮನೆಗೆ ಹೇಳಿಯೂ ಬಂದಿದ್ದಳು.

ಅವನ ಅಪ್ಪ ಜಯಕರ ಬಾಗಲಕೋಟೆ ಕಡೆಯವನು, ನಾಶಿಕದ ಹತ್ತಿರ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್. ಅಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿಯೂ ಅವನೇ. ಹಿಂದಿನ ವಾರ ರಾಜ್ಯೋತ್ಸವದ ಕರೆಯೋಲೆಗೆ ಚಂದದ ಕನ್ನಡ ಅಕ್ಷರ ಹುಡುಕುತ್ತ ಕೂತು, ಯಾವುದೋ ಸೈಟು ಒಪ್ಪಿಗೆ ಕೇಳಿದಲ್ಲೆಲ್ಲ ಒತ್ತುತ್ತ ಹೋಗಿದ್ದ. ಅಕ್ಷರ ಸಿಕ್ಕವು. ಅವುಗಳ ಹಿಂದೆಯೇ ಕೆಂಪು ಗುರಾಣಿಯ ಚಿತ್ರವಿದ್ದ ಆಂಟಿವೈರಸ್ಸೊಂದು ಪುಕ್ಕಟೆ ಬಂತು, ಅದನ್ನೂ ಹಾಕಿಕೊಂಡ. “ನೋಡ, ಮನೀಗೊಬ್ಬ ವಾಚಮನ್ ಬಂದ” ಎಂದು ಹೆಂಡತಿಗೆ ಹೇಳಿ ನಕ್ಕಿದ್ದ.

ಈಗ ಪರದೆಯೆಲ್ಲ ಕೆಂಪಾಗಿ ವಾಚಮನ್ ಕೂಗುತ್ತಿದ್ದ. ಜಯಕರ ಬನಿಯನ್ನಿನಲ್ಲೇ ಎದ್ದು ಬಂದ.

“ಏನ್ ನೋಡಾಕತ್ತಿದ್ದೆಲೇ?”

“ಕಾಹೀ ನಾಹೀ, ಅಪ್ಪಾ. ಇದು ಫೇಕ್ ಐತ್ರಿ, ಬರೇ ಹೆದರಸ್ತದ.”

“ಕೆಂಪು ದೀಪ ಹತ್ತಿದ್ರ ಸುಮ್ನ ಹತ್ತತೈತೇನಲೇ? ಇಡೀ ಜನ್ಮ ಅದನ್ನ ನೋಡಕೊಂತ ಬಂದೀನಿ ನಾ!”

ಮೊದಲ ಏಟು ಬೆನ್ನಿಗೆ ಬಿತ್ತು. ಕುರ್ಚಿ ಉರುಳಿತು. ಹುಡುಗ ಏಳುವಷ್ಟರಲ್ಲಿ ಒದ್ದ, ಅವನ ತಲೆ ಟೀವಿ ಸ್ಟ್ಯಾಂಡಿಗೆ ಬಡಿಯಿತು. ತನ್ಮಯ ಎರಡೂ ಕೈ ಅಡ್ಡ ಹಿಡಿದು ಕಿರುಚಿದ, “ಮೀ ಕಾಹೀ ಕೇಲಂ ನಾಹೀ! ಆಈ ಶಪಥ್!” ಇಲ್ಲೇ ಹುಟ್ಟಿ ಬೆಳೆದ ಹುಡುಗ, ನೋವಾದಾಗ ನಾನೇನೂ ಮಾಡಿಲ್ಲ ಎನ್ನುವುದೂ ಬಾಯಿಗೆ ಮರಾಠಿಯಲ್ಲೇ ಬರುವುದು.

“ಕನ್ನಡದಾಗ ಹೇಳಲೇ! ತಾಯಿ ಆಣಿ ಬ್ಯಾರೆ ಹಾಕ್ತಿ?” ಎಂದು ಜಯಕರ ಅಂಗೈ ಬೀಸಿದ. ನಟ್ಟು ಬಿಗಿಮಾಡಿ ಕಲ್ಲಾಗಿದ್ದ ಕೈ. ಬಲಗಿವಿಯ ಮೇಲೆ ಪಟ್ಟೆಂದು ಬಿತ್ತು.

ಹಿಂದಿ ಹೆಣ್ಣು ಇನ್ನೂ ಸಾವಧಾನ, ಸಾವಧಾನ ಎನ್ನುತ್ತಲೇ ಇದ್ದಳು.

“ಹೊಡೀಬ್ಯಾಡ್ರಿ! ಹುಡುಗ ಸಾಯ್ತಾನ್ರೀ!” ಮಂದಾಕಿನಿ ನಡುವೆ ನುಗ್ಗಿದಳು. ಅವಳ ಮೊಣಕೈಗೂ ಒಂದು ಬಿತ್ತು. ತನ್ಮಯ ಗೋಡೆಗೆ ಒರಗಿ ಕೂತಿದ್ದ. ಕಿವಿಯಿಂದ ಸಣ್ಣಗೆ ರಕ್ತ ಇಳಿದು ಅಂಗಿಯ ಕಾಲರ್ ಸೇರಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಕರಕಲಾದ ವಾಸನೆ.

ಕಿವಿಯ ಪರದೆ ಹರಿದಿದೆ ಎಂದರು ಡಾಕ್ಟರು. ಬಲಗಡೆ ಏನೂ ಕೇಳಿಸುತ್ತಿರಲಿಲ್ಲ. ಮಂದಾಕಿನಿ ಗಂಡನನ್ನು ಒಂದು ಮಾತೂ ಕೇಳದೆ ಮಗನನ್ನು ಕರೆದುಕೊಂಡು ಸಂಭಾಜಿನಗರದ ಬಸ್ಸು ಹತ್ತಿದಳು. ಅಲ್ಲಿ ಚಿಕಲಠಾಣಾದಲ್ಲಿ ಅವಳ ತಮ್ಮ ಶಾಂತಕುಮಾರನ ಮನೆ.

ಜಯಕರ ಡ್ಯೂಟಿಗೆ ಹೋಗಿ ಬಂದುಕೊಂಡಿದ್ದ. ಸಫಾಯಿ ನಡೆದಿದೆ, ಬಂದ್ ಮಾಡಬೇಡಿ ಎಂದು ಕೆಂಪು ಗುರಾಣಿ ಹೇಳಿದ್ದಕ್ಕೆ ಕಂಪ್ಯೂಟರನ್ನು ಹಾಗೇ ಬಿಟ್ಟಿದ್ದ. ಒಂದು ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದು ಬೀಗಕ್ಕೆ ಕೀಲಿ ಹಾಕುತ್ತಿದ್ದಾನೆ, ಒಳಗಿನಿಂದ ಸೈರನ್. ಈಗಷ್ಟೇ ಹೊಲಸು ಸೈಟು ತೆರೆದಿದ್ದಾರೆ ಎನ್ನುತ್ತಿದೆ ಅದೇ ದನಿ.

ಕೀಲಿ ತಿರುವುವುದನ್ನೇ ಮರೆತು ನಿಂತ. ಮನೆಯಲ್ಲಿ ಯಾರಿದ್ದಾರೆ ತೆರೆಯಲಿಕ್ಕೆ?

ಒಳಗೆ ಹೋಗಿ ಇಂಟರ್ನೆಟ್ಟಿನ ವೈರನ್ನೇ ಕಿತ್ತ. ವೈರಿನ ತುದಿ ಕೈಯಲ್ಲಿ ಹಿಡಿದುಕೊಂಡೇ ನೋಡಿದ. ಪರದೆ ಮತ್ತೆ ಕೆಂಪಾಯಿತು. ಈಗಷ್ಟೇ ತೆರೆದಿದ್ದಾರಂತೆ, ಇನ್ನೊಂದು.

ನೋಡಿ, ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ಜಯಕರನೇ ಕಲಿಸುವ ಮೊದಲ ಪಾಠ ಇದು. ಕೆಂಪು ದೀಪ ಹತ್ತಿತೆಂದು ಎಂಜಿನ್ನಿಗೆ ಕೈ ಹಾಕಬೇಡಿ. ಮೊದಲು ದೀಪ ನೋಡಿ, ದೀಪದ ವೈರ್ ನೋಡಿ, ಎಷ್ಟೋ ಸಲ ಕೆಟ್ಟಿರುವುದು ದೀಪವೇ. ಯಾವ ವಿಮಾನದ ಮೇಲೂ ಅವನು ಈ ಪಾಠ ಮರೆತವನಲ್ಲ.

ಗೋಡೆಗೊರಗಿಸಿದ್ದ ದೊಡ್ಡ ಸ್ಪ್ಯಾನರ್ ಎತ್ತಿ ಪರದೆಗೆ ಹೊಡೆದ. ಗಾಜು ಚೂರಾಯಿತು. ಸ್ಪೀಕರ್ ಇನ್ನೂ ಮಾತಾಡುತ್ತಿತ್ತು, ಅದಕ್ಕೂ ಹೊಡೆದ. ಕೆಳಗಿನ ಸಿಪಿಯು ಡಬ್ಬಿಯನ್ನು ನೆಲಕ್ಕೆ ಕೆಡವಿ, ತಗಡು ಬಾಗಿ ಒಳಗಿನದೆಲ್ಲ ಚೆಲ್ಲುವ ತನಕ ಹೊಡೆದ. ಪಕ್ಕದ ಮನೆಯ ಪ್ರೇಮಾಬಾಯಿ ಬಾಗಿಲಿಗೆ ಬಂದು, “ಅಹೋ ಭಾವೂ, ಕಾಯ್ ಝಾಲಂ?” ಏನಾಯಿತು ಅಣ್ಣಾ ಎಂದು ಕೇಳಿ, ಅವನ ಕೈಯ ರಕ್ತ ನೋಡಿ ಹಿಂದೆ ಸರಿದಳು.

ಕೈಗೆ ಬಟ್ಟೆ ಸುತ್ತಿಕೊಂಡೇ ಮರುದಿನ ಚಿಕಲಠಾಣಾ ಮುಟ್ಟಿದ. ಬಾಗಿಲು ತೆಗೆದವನು ಶಾಂತಕುಮಾರ.

“ಬರ್ರಿ ಭಾವಾ, ನಿಮ್ಮನ್ನ ಕಾಯಾಕತ್ತಿದ್ದೆ” ಎಂದವನೇ ಕಾಲರ್ ಹಿಡಿದು ಬಾಯಿಗೆ ಗುದ್ದಿದ. “ನೀವು ದೊಡ್ಡವರು. ನಿಮಗ ನಾ ಏನ್ ಹೇಳ್ಲಿರಿ?” ಮತ್ತೊಂದು ಗುದ್ದು. ಮಾತಿನಲ್ಲಿ ಗೌರವ ಕಡಿಮೆಯಾಗಲಿಲ್ಲ, ಏಟೂ ಕಡಿಮೆಯಾಗಲಿಲ್ಲ. ಜಯಕರ ಮೆಟ್ಟಿಲ ಮೇಲೆ ಕುಸಿದ. ಕೈ ಎತ್ತಲಿಲ್ಲ.

“ಬಿಡ್ರಿ ಮಾಮಾ.” ತನ್ಮಯ ಬಂದು ನಿಂತಿದ್ದ, ಕಿವಿಯಲ್ಲಿ ಹತ್ತಿ.

“ಆ ಕೆಂಪು ದೀಪಾನ ಸುಳ್ಳಿತ್ತೋ” ಎಂದ ಜಯಕರ, ರಕ್ತ ಉಗುಳಿ. “ಅದನ್ನ ಮನಿಯೊಳಗ ಕರಕೊಂಡಾಂವ ನಾನ. ನಿಂದೇನೂ ಇಲ್ಲ.”

ತನ್ಮಯ ಎಡಗಿವಿ ಈ ಕಡೆ ಮಾಡಿದ. “ಇನ್ನೊಮ್ಮೆ ಹೇಳ್ರಿ.”

ಜಯಕರ ಇನ್ನೊಮ್ಮೆ ಹೇಳಿದ.

“ಮೆಡಿಕಲ್ ನಿನ್ನೆ ಆತ್ರಿ, ಅಪ್ಪಾ. ಫೇಲ್ ಅಂತ ಬರದ್ರು. ಹೆಂಗಾತು ಅಂತ ಕೇಳಿದ್ರು.”

“ಏನಂದಿ?”

“ಬಾತ್‌ರೂಮಿನಾಗ ಬಿದ್ದೆ ಅಂದೆ. ಸುಳ್ಳ ಹೇಳಿದೆ, ನಂಬಿದ್ರು. ಅವತ್ತ ಖರೇ ಹೇಳಿದ್ದೆ, ನೀವು ನಂಬಲಿಲ್ಲ.” ಸ್ವಲ್ಪ ತಡೆದು, “ನಾ ಓಝರ್‌ಗೆ ಬರಂಗಿಲ್ರಿ” ಎಂದ.

ಒಳಗಿನಿಂದ ಮಂದಾಕಿನಿ ಒಂದು ಚೊಂಬು ನೀರು ತಂದು ಗಂಡನ ಪಕ್ಕದಲ್ಲಿಟ್ಟಳು. “ಬಾಯಿ ತೊಳಕೋರಿ” ಎಂದಳು. ಆಮೇಲೆ ಮಗನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಚಿಲಕ ಬಿದ್ದದ್ದು ಜಯಕರನ ಎರಡೂ ಕಿವಿಗೆ ಚೆನ್ನಾಗಿ ಕೇಳಿಸಿತು.