ನನಗೆ ಗೊತ್ತಿದ್ದ ಒಂದೇ ಹೆಸರು

ನಾನು ಒಂದು ಟೋಲ್ ಟ್ಯಾಗ್. ಕಾರಿನ ಮುಂದಿನ ಗಾಜಿಗೆ ಒಳಗಡೆಯಿಂದ ಅಂಟಿಸುತ್ತಾರಲ್ಲ, ಆ ಚೀಟಿ. ನೋಡಲು ಬಸ್ಸಿನ ಟಿಕೆಟಿಗಿಂತ ತುಸು ದೊಡ್ಡ ಆಕಾರ, ಅಷ್ಟೇ. ಆದರೆ ನನ್ನ ಹೊಟ್ಟೆಯೊಳಗೆ ಕೂದಲೆಳೆಯಂಥ ಒಂದು ತಂತಿಯಿದೆ. ಟೋಲ್ ಗೇಟಿನ ಹತ್ತಿರ ಹೋದೊಡನೆ ಮೇಲಿರುವ ಯಂತ್ರ ‘ಯಾರ ಗಾಡಿ?’ ಎಂದು ಕೇಳುತ್ತದೆ. ನಾನು ಹೆಸರು ಹೇಳುತ್ತೇನೆ. ಗೇಟು ಏಳುತ್ತದೆ, ಆ ಹೆಸರಿನವರ ಖಾತೆಯಿಂದ ಹಣ ಹೋಗುತ್ತದೆ, ಅವರ ಫೋನು ‘ಟಿಂಗ್’ ಎನ್ನುತ್ತದೆ. ಹಾರ್ನು ಎಷ್ಟು ಬಡಿದುಕೊಂಡರೂ ಏಳದ ಗೇಟು ನನ್ನ ಒಂದು ಮಾತಿಗೆ ಏಳುವುದನ್ನು ಕಂಡು ನನಗೆ ಜಂಬ ಬರುತ್ತಿದ್ದುದು ನಿಜ.

ನಾನು ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಸಾವಿರಾರು ಅಣ್ಣತಮ್ಮಂದಿರ ಜೊತೆ ಒಂದೇ ಸುರುಳಿಯಲ್ಲಿ. ಗದಗಿನ ಒಂದು ಪೆಟ್ರೋಲ್ ಬಂಕಿನ ಪಕ್ಕ ಕೊಡೆ ನೆಟ್ಟುಕೊಂಡು ಕೂತಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಬಿಡಿಸಿ ಗುರುಪಾದಪ್ಪ ಬಳಿಗಾರ ಎಂಬ ಹೆಸರು ಕಲಿಸಿದಳು. ಒಮ್ಮೆ ಕಲಿತದ್ದನ್ನು ಮರೆಯುವ ಜಾತಿ ನಮ್ಮದಲ್ಲ. ಇನ್ನೊಂದು ಹೆಸರು ಕಲಿಯುವ ಜಾತಿಯೂ ಅಲ್ಲ.

ಗುರುಪಾದಪ್ಪ ನಿವೃತ್ತ ಬಸ್ ಕಂಡಕ್ಟರ್. ನೌಕರಿಯಲ್ಲಿ ಇದ್ದಷ್ಟು ಕಾಲ ಟಿಕೆಟ್ ಇಲ್ಲದ ಒಬ್ಬರನ್ನೂ ಬಿಟ್ಟವರಲ್ಲ. ಸ್ವಂತ ಬೀಗರಿಗೇ ಟಿಕೆಟ್ ಹರಿದು ಕೊಟ್ಟಿದ್ದಕ್ಕೆ ಆ ಬೀಗರು ಮುಂದಿನ ದೀಪಾವಳಿಯವರೆಗೆ ಮಾತು ಬಿಟ್ಟಿದ್ದರಂತೆ. ಚೆಕಿಂಗ್‌ನವರು ಎಷ್ಟು ಸಲ ಹತ್ತಿ ಇಳಿದರೂ ಅವರ ಹೆಸರಿನ ಮೇಲೆ ಒಂದು ಕೇಸೂ ಬರೆದಿರಲಿಲ್ಲ. ಅವರು ಗಳಿಸಿದ ಆಸ್ತಿಯೆಂದರೆ ಅದೇ, ಮತ್ತೆ ಈ ಬಿಳಿ ಬಣ್ಣದ ಸಣ್ಣ ಕಾರು. ಕಾರು ಹೊರಡಿಸುವಾಗಲೂ ತಮಗೆ ತಾವೇ ‘ರೈಟ್’ ಎನ್ನುತ್ತಿದ್ದರು, ನಿಲ್ಲಿಸುವಾಗ ‘ಹೋಲ್ಡಾನ್’. ಪಕ್ಕದಲ್ಲಿ ಕೂತ ಹೆಂಡತಿ ಕಸ್ತೂರೆವ್ವ, “ಸೀಟಿ ಒಂದ ಕಡಿಮಿ ಆತು ನೋಡ್ರಿ,” ಎಂದು ಕಾಡುತ್ತಿದ್ದರು.

ಕಸ್ತೂರೆವ್ವನವರ ಕೈ ಧಾರಾಳ. ಆಯುಧಪೂಜೆಯ ದಿನ ಚಕ್ರ, ಸ್ಟೇರಿಂಗು, ಹಾರ್ನು ಯಾವುದನ್ನೂ ಬಿಡದೆ ಕುಂಕುಮ ಹಚ್ಚುತ್ತಿದ್ದರು. ನನ್ನ ಬೆನ್ನಿಗೂ ಒಂದು ಬೊಟ್ಟು ಬೀಳುತ್ತಿತ್ತು. ಗೇಟು ಎಬ್ಬಿಸುವ ನನಗೂ ಹಾರ್ನಿಗೂ ಒಂದೇ ಅಳತೆಯ ಬೊಟ್ಟು ಎಂಬುದೊಂದೇ ನನ್ನ ತಕರಾರು.

ಕೆಲವು ವರ್ಷಗಳಲ್ಲಿ ಗುರುಪಾದಪ್ಪನವರ ಮೊಣಕಾಲು ಕ್ಲಚ್ ಒತ್ತಲು ಒಪ್ಪದಾಯಿತು. ಒಬ್ಬ ದಲ್ಲಾಳಿಯ ಮೂಲಕ ಕಾರನ್ನು ದುಂಡವ್ವ ಎಂಬ ಹೆಂಗಸಿಗೆ ಮಾರಿದರು. ಜೋಳದ ರೊಟ್ಟಿ ಮಾಡಿಸಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಡುವುದು ಅವಳ ಉದ್ಯೋಗ. ಕಾರು ಒಪ್ಪಿಸುವ ದಿನ ಕಸ್ತೂರೆವ್ವ ಕೊನೆಯ ಪೂಜೆ ಮಾಡಿದರು. ಆಮೇಲೆ ತಮ್ಮದೆಲ್ಲವನ್ನೂ ಇಳಿಸಿಕೊಂಡರು. ಮನೆದೇವರ ಪಟ ಇಳಿಯಿತು. ಹಿಂದಿನ ಗಾಜಿನ ಮೇಲಿದ್ದ ‘ಅವ್ವನ ಆಶೀರ್ವಾದ’ ಎಂಬ ಅಕ್ಷರಗಳನ್ನೂ ಒಂದೊಂದಾಗಿ ಕಿತ್ತರು. ಕೊನೆಗೆ ಗುರುಪಾದಪ್ಪ ನನ್ನ ಅಂಚಿಗೆ ಉಗುರು ಹಾಕಿದರು.

“ಬ್ಯಾಡ್ರಿ, ಈಗರ ಕುಂಕುಮ ಹಚ್ಚೀನಿ. ಕುಂಕುಮ ಹಸೀ ಇದ್ದಾಗ ಕೀಳಬಾರ್ದು,” ಎಂದರು ಕಸ್ತೂರೆವ್ವ.

“ಆತು ಬಿಡು, ನಾಳೆ ಫೋನ್ ಮಾಡಿ ಬಂದ್ ಮಾಡಸ್ತೀನಿ.”

ಮರುದಿನ ಮೊಣಕಾಲಿನ ಡಾಕ್ಟರು, ಅದರ ಮರುದಿನ ಎಣ್ಣೆ ತಿಕ್ಕುವವರು. ನನ್ನ ವಿಷಯ ಮರೆತೇ ಹೋಯಿತು.

ಈಗ ನನ್ನ ಲೋಕದ ತುಂಬ ರೊಟ್ಟಿಯ ವಾಸನೆ. ದುಂಡವ್ವ ನಾಲಗೆಯ ತುದಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅವುಚಿ ಹಿಡಿದು ಓಡಿಸುತ್ತಿದ್ದಳು. ಹುಬ್ಬಳ್ಳಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಟೋಲ್ ಗೇಟು. ಯಂತ್ರ ಕೇಳುತ್ತಿತ್ತು, ನಾನು ಎಂದಿನಂತೆ ‘ಗುರುಪಾದಪ್ಪ ಬಳಿಗಾರ’ ಎನ್ನುತ್ತಿದ್ದೆ. ಕಾರು ಮಾರಿದ್ದಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹೊತ್ತಿನಲ್ಲಿ ಗದಗಿನ ಮನೆಯಲ್ಲಿ ನಡೆದದ್ದನ್ನು ನಾನು ಕಂಡವನಲ್ಲ. ಗುರುಪಾದಪ್ಪ ಈಗಲೂ ಮನೆಗೆ ಬಂದವರಿಗೆಲ್ಲ ಹೇಳುವುದನ್ನು ಕೇಳಿಕೇಳಿ ಬಾಯಿಪಾಠವಾಗಿದೆ. ಫೋನು ದಿನಾ ‘ಟಿಂಗ್’ ಎನ್ನತೊಡಗಿತು. ನಿಮ್ಮ ವಾಹನ ಗೇಟು ದಾಟಿದೆ ಎಂಬ ಸುದ್ದಿ ಬಂದಾಗ ಅವರು ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿರುತ್ತಿದ್ದರು. ದಲ್ಲಾಳಿ ಫೋನು ಎತ್ತಲಿಲ್ಲ. ಟ್ಯಾಗ್ ಕೊಟ್ಟ ಕಂಪನಿಗೆ ದೂರು ಕೊಟ್ಟರೆ, ‘ನಿಮ್ಮ ವಾಹನ ದಾಟಿರುವುದು ಖಚಿತವಾಗಿದೆ. ಶುಲ್ಕ ಸರಿಯಾಗಿದೆ. ದೂರನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಉತ್ತರ ಬಂತು. ಅವರು ಊಟದ ತಾಟು ಸರಿಸಿ ಎದ್ದರಂತೆ.

“ಹೋದ ರೊಕ್ಕ ಹೋಗ್ಲಿ, ಬಂದ್ ಮಾಡಿಸಿ ಸುಮ್ನ ಇರ್ರಿ,” ಎಂದರು ಕಸ್ತೂರೆವ್ವ.

“ರೊಕ್ಕದ ಮಾತಲ್ಲ ಇದು. ನಾ ಕುಂದ್ರದ ಗಾಡ್ಯಾಗ ನಾ ಕುಂತಿದ್ದೆ ಅಂತಾರ. ನಾ ಸುಳ್ಳ ಹೇಳಿದಂಗಾತು. ಸರ್ವಿಸ್ ತುಂಬ ಆಗದ್ದು ಈಗ ಆತು.”

ಮರುದಿನ ಬೆಳಿಗ್ಗೆ, ಕುಂಟುತ್ತಲೇ, ಬಸ್ಸು ಹಿಡಿದು ಟೋಲ್ ಗೇಟಿಗೆ ಬಂದರು.

ಇನ್ನು ಮುಂದಿನದನ್ನು ನಾನೇ ಕಂಡಿದ್ದೇನೆ. ರೊಟ್ಟಿಯ ಗಂಟುಗಳನ್ನು ಹೇರಿಕೊಂಡು ನಾವು ಗೇಟಿನ ಹತ್ತಿರ ಬಂದಾಗ, ಕೂಲಿಂಗ್ ಗ್ಲಾಸ್ ಹಾಕಿದ ಗುಮಾಸ್ತನ ಎದುರಿಗೆ ಅವರು ನಿಂತಿದ್ದರು. ಎಷ್ಟು ದಿನವಾಗಿತ್ತು ಆ ಮುಖ ನೋಡಿ! ನನಗೆ ತಡೆಯಲಾರದಷ್ಟು ಸಂತೋಷವಾಯಿತು. ಯಂತ್ರ ಕೇಳಿದ ಕೂಡಲೇ ಯಾವತ್ತೂ ಹೇಳದಷ್ಟು ಗಟ್ಟಿಯಾಗಿ ಅವರ ಹೆಸರು ಹೇಳಿದೆ. ಗೇಟು ಎದ್ದಿತು. ಅವರ ಜೇಬಿನಲ್ಲಿ ಫೋನು ‘ಟಿಂಗ್’ ಎಂದಿತು.

“ಹೋಲ್ಡಾನ್!”

ಆ ಕೂಗಿಗೆ ದುಂಡವ್ವನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ರೊಟ್ಟಿಯ ಗಂಟೊಂದು ಜಾರಿ ಮುಂದಿನ ಸೀಟಿಗೆ ಬಂತು.

ಗುಮಾಸ್ತ ಅಲ್ಲಿಯವರೆಗೆ, “ಮಷೀನ್ ಸುಳ್ಳ ಹೇಳೂದಿಲ್ರಿ ಅಜ್ಜಾರ,” ಎಂದು ವಾದ ಹೂಡಿದ್ದನಂತೆ. ಗುರುಪಾದಪ್ಪ ಫೋನನ್ನು ಅವನ ಕನ್ನಡಕಕ್ಕೇ ಹಿಡಿದರು. “ಓದು. ನಾ ಈಗರ ದಾಟಿ ಹೋದ್ನಂತ. ಹೋಗೀನೇನು? ಕಣ್ಣ ಬಿಟ್ಟ ನೋಡಿ ಹೇಳು.”

ಅವನು ಕನ್ನಡಕ ತೆಗೆದು ಫೋನು ನೋಡಿದ, ಕಾರು ನೋಡಿದ, ಅವರ ಚಪ್ಪಲಿಯನ್ನೂ ನೋಡಿದ. “ಇಲ್ರಿ... ಇಲ್ಲೇ ಅದೀರಿ.”

“ಹಂಗಂತ ಬರಕೊಡು.”

ಅಷ್ಟರಲ್ಲಿ ದುಂಡವ್ವ ಇಳಿದು ಓಡಿ ಬಂದಳು. “ಕಂಡಕ್ಟರ್ ಕಾಕಾ! ನೀವೇನ್ರಿ ಇಲ್ಲಿ?”

“ಈ ಗೇಟಿಗೆ ಯಾರ ರೊಕ್ಕ ಕೊಡಾಕತ್ತಾರವಾ?”

“ಗೇಟ್ ತಾನ ತೆಗೀತೈತಲ್ರಿ. ಗಾಡಿ ಕೂಡ ಸ್ಟೆಪ್ನಿ ಬಂತು, ಜಾಕ್ ಬಂತು, ಹಂಗ ಇದೂ ಬಂದೈತಿ ಅಂದ್ಕೊಂಡಿದ್ದೆ.”

ವಿಷಯ ತಿಳಿದಾಗ ಅವಳ ಮುಖ ಸಣ್ಣದಾಯಿತು. ಸೊಂಟದ ಚೀಲ ಬಿಚ್ಚುತ್ತ, “ನಾ ಕಳ್ಳಿ ಅಲ್ರಿ ಕಾಕಾ,” ಎಂದಳು. ಅವಳ ಕಣ್ಣಲ್ಲಿ ನೀರು.

“ಯಾರಂದ್ರವಾ? ನೀ ಕಳ್ಳಿ ಆಗಬಾರ್ದು, ನಾ ಸುಳ್ಳ ಆಗಬಾರ್ದು. ಅಷ್ಟ.”

ಗುಮಾಸ್ತ ಬರೆದುಕೊಟ್ಟ. ಗಾಡಿ ತನ್ನದೆಂದು ದುಂಡವ್ವ ಸಹಿ ಹಾಕಿದಳು, ಅಲ್ಲಿಯೇ ಲೆಕ್ಕವನ್ನೂ ತೀರಿಸಿದಳು. ಗುರುಪಾದಪ್ಪ ಹಣ ತೆಗೆದುಕೊಂಡು ಚಿಲ್ಲರೆ ವಾಪಸು ಕೊಟ್ಟರು. ಕಂಡಕ್ಟರೊಬ್ಬರು ಕೇಳುವ ಮೊದಲೇ ಚಿಲ್ಲರೆ ಕೊಟ್ಟದ್ದನ್ನು ಆಕೆ ಇಂದಿಗೂ ಹೇಳಿ ನಗುತ್ತಾಳೆ.

ಆಮೇಲೆ ಅವರು ನನ್ನ ಹತ್ತಿರ ಬಂದರು. ಕರವಸ್ತ್ರ ನೆನೆಸಿ, ಒಣಗಿದ ಕುಂಕುಮವನ್ನು ಮೊದಲು ಒರೆಸಿದರು. “ಮನಿಗೆ ಹೋದ್ರ ಆಕಿ ಕೇಳತಾಳ,” ಎಂದು ತಮಗೆ ತಾವೇ ಹೇಳಿಕೊಂಡರು. ಅನಂತರ ಉಗುರು ಹಾಕಿ, “ನಿನ್ನ ಸ್ಟೇಜ್ ಬಂತಪಾ, ಇಳಿ,” ಎಂದರು. ನಮ್ಮನ್ನು ಕಿತ್ತರೆ ಹೊಟ್ಟೆಯ ತಂತಿ ಹರಿಯುತ್ತದೆ. ನನ್ನದೂ ಹರಿಯಿತು. ನೋವಾಯಿತು, ಆದರೆ ಅವರದೇ ಕೈಯಲ್ಲಿ ಆಯಿತಲ್ಲ ಎಂಬ ಸಮಾಧಾನವೂ ಇತ್ತು. ನನ್ನ ಜಾಗಕ್ಕೆ ದುಂಡವ್ವನ ಹೆಸರು ಕಲಿತ ಹೊಸಬನೊಬ್ಬ ಬಂದ. ಗುರುಪಾದಪ್ಪ ಕಾರಿನ ಬೆನ್ನಿಗೆ ಎರಡು ಬಾರಿ ತಟ್ಟಿ, “ರೈಟ್!” ಎಂದರು.

ಈಗ ನಾನು ಅವರ ಮನೆಯ ಗಾಜಿನ ಕಪಾಟಿನಲ್ಲಿದ್ದೇನೆ. ಒಂದು ಕಡೆ ಅವರ ಹಿತ್ತಾಳೆಯ ಬಿಲ್ಲೆ, ಇನ್ನೊಂದು ಕಡೆ ಸೀಟಿ. ಮೂವರೂ ನಿವೃತ್ತರು. ಕಂಪನಿಯಿಂದ ಕಾಗದ ಬಂದ ದಿನ ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: ‘ಸದರಿ ವಾಹನಕ್ಕೂ ತಮಗೂ ಯಾವುದೇ ಸಂಬಂಧ ಇರುವುದಿಲ್ಲ.’ ಹೋರಾಡಿದ್ದು ಆ ಒಂದು ಸಾಲಿಗಾಗಿ. ಓದಿ ಮುಗಿಸಿ ಕಾಗದವನ್ನು ಮಡಚಿ ನನ್ನ ಪಕ್ಕ ಇಟ್ಟರು. “ಸಂಬಂಧ ಇಲ್ಲಂತ ನೋಡ,” ಎಂದರು ಹೆಂಡತಿಗೆ. ಕಸ್ತೂರೆವ್ವ ಏನೂ ಕಾಡದೆ ಚಹಾ ತಂದಿಟ್ಟರು.

ದುಂಡವ್ವ ಒಮ್ಮೊಮ್ಮೆ ರೊಟ್ಟಿ ಕೊಡಲು ಈ ಓಣಿಗೆ ಬರುತ್ತಾಳೆ. ತಿರುವಿನಲ್ಲಿ ಹಾರ್ನು ಕೇಳಿಸಿದೊಡನೆ ಗುರುಪಾದಪ್ಪ ಮೊಣಕಾಲು ಮರೆತು ಏಳುತ್ತಾರೆ. ನನ್ನ ಹರಿದ ತಂತಿಯಲ್ಲಿ ಹೆಸರು ಬಾಯಿಯವರೆಗೆ ಬಂದು ನಿಲ್ಲುತ್ತದೆ. ಸಂಬಂಧವಿಲ್ಲದ ಆ ಗಾಡಿ ಬಂದು ನಿಲ್ಲುವವರೆಗೆ ನಾವಿಬ್ಬರೂ ಬಾಗಿಲ ಕಡೆಗೇ ನೋಡುತ್ತಿರುತ್ತೇವೆ.